ಡಿವಿಆರ್ ಹಾರ್ಡ್ ಡಿಸ್ಕ್‌ನಿಂದ ಸಿಸಿಟಿವಿ ರೆಕಾರ್ಡಿಂಗ್ ಹೊರತೆಗೆಯುವುದು ಹೇಗೆ: ಕಂಪ್ಯೂಟರ್ ಬಳಸಿ ಮಾಡುವ ಸಮಗ್ರ ಮಾರ್ಗದರ್ಶಿ

"ಡಿವಿಆರ್ ಆನ್ ಆಗ್ಲಿಲ್ಲ. ಡಿಸ್ಕ್ ಬಿಚ್ಚಿ ಕಂಪ್ಯೂಟರಿಗೆ ಹಾಕಿದೆ. ಫಾರ್ಮ್ಯಾಟ್ ಮಾಡ್ಬೇಕಾ ಅಂತ ಕೇಳ್ತು, ಯೆಸ್ ಕೊಟ್ಟೆ. ಈಗ ಖಾಲಿ ತೋರಿಸ್ತಿದೆ." ಅಂಗಡಿಯವರು, ಮನೆಯವರು, ಶಾಲೆಯ ಕಚೇರಿಯವರು ಈ ಮಾತನ್ನೇ ಬೇರೆ ಬೇರೆ ರೀತಿ ಹೇಳುತ್ತಾರೆ. ಬೇಸರದ ಸಂಗತಿ ಏನೆಂದರೆ, ಹೆಚ್ಚಿನ ಸಲ ಡಿಸ್ಕ್ ಚೆನ್ನಾಗಿಯೇ ಇರುತ್ತದೆ. ರೆಕಾರ್ಡಿಂಗ್ ಹೋಗುವುದು ಅದನ್ನು ಉಳಿಸಲು ಹೊರಟ ಆ ಹತ್ತು ನಿಮಿಷಗಳಲ್ಲಿ. ಅದಕ್ಕೇ ಈ ಬರಹದಲ್ಲಿ ತಂತ್ರಾಂಶಕ್ಕಿಂತ ಕ್ರಮಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ.

ಡಿವಿಆರ್ (ಕ್ಯಾಮೆರಾ ದೃಶ್ಯ ದಾಖಲಿಸುವ ಪೆಟ್ಟಿಗೆ) ಸತ್ತಿದ್ದರೆ, ಯಾರೋ ಫಾರ್ಮ್ಯಾಟ್ ಒತ್ತಿದ್ದರೆ, ಅಥವಾ ಡಿಸ್ಕ್‌ನಲ್ಲಿ ಅಲ್ಲಲ್ಲಿ ಕೆಟ್ಟ ಜಾಗಗಳಾಗಿದ್ದರೆ ಈ ದಾರಿ ನಡೆಯುತ್ತದೆ. ಹಳೆಯ ರೆಕಾರ್ಡಿಂಗ್ ಮೇಲೆ ಹೊಸದು ಕೂತಿದ್ದರೆ ನಡೆಯುವುದಿಲ್ಲ. ಅದನ್ನು ಯಾವ ಲ್ಯಾಬ್ ಕೂಡ ವಾಪಸ್ ತರಲಾರದು.

## ಕೈ ಹಾಕುವ ಮುಂಚೆ

ಕಳ್ಳತನ, ಅಪಘಾತ, ಹಲ್ಲೆ ಮುಂತಾದ ಪೊಲೀಸ್ ಕೇಸಿಗೆ ಈ ದೃಶ್ಯ ಬೇಕಾಗಿದ್ದರೆ ಡಿಸ್ಕ್ ಬಿಚ್ಚಬೇಡಿ. ಡಿವಿಆರ್ ಆಫ್ ಮಾಡಿ ತನಿಖಾಧಿಕಾರಿಗೆ ತಿಳಿಸಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ, ಇಂಥ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಹ್ಯಾಶ್ ಮೌಲ್ಯವನ್ನೂ (ಫೈಲ್‌ನ ಬೆರಳಚ್ಚಿನಂಥ ಉದ್ದದ ಸಂಖ್ಯೆ) ಬರೆಯಬೇಕು, ತಜ್ಞರು ತುಂಬುವ ಭಾಗವೂ ಇದೆ. ನೀವು ಮೊದಲೇ ಡಿಸ್ಕ್ ಮುಟ್ಟಿದ್ದರೆ ಆ ಪ್ರಮಾಣಪತ್ರದ ಬಗ್ಗೆ ಪ್ರಶ್ನೆಗಳು ಏಳುತ್ತವೆ.

ಇನ್ನೊಂದು ವಿಷಯ. ಈ ಕ್ರಮ ಸಿಸಿಟಿವಿ ಡಿವಿಆರ್ ಮತ್ತು ಎನ್‌ವಿಆರ್‌ಗೆ (ನೆಟ್‌ವರ್ಕ್ ಕ್ಯಾಮೆರಾಗಳ ರೆಕಾರ್ಡರ್) ಮಾತ್ರ. ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡುವ ಡಿಟಿಎಚ್ ಸೆಟ್ ಟಾಪ್ ಬಾಕ್ಸ್‌ಗಳು ಸಾಮಾನ್ಯವಾಗಿ ದೃಶ್ಯವನ್ನು ಬೀಗ ಹಾಕಿ ಇಡುತ್ತವೆ. ಅಲ್ಲಿ ಈ ಶ್ರಮ ವ್ಯರ್ಥ.

## ಬೇಕಾದ ಸಾಮಾನು

ಡಿವಿಆರ್‌ನಲ್ಲಿರುವುದು ಸಾಮಾನ್ಯವಾಗಿ ಮೂರೂವರೆ ಇಂಚಿನ ಸಾಟಾ ಡಿಸ್ಕ್. ಅದಕ್ಕೆ 5 ವೋಲ್ಟ್ ಜೊತೆ 12 ವೋಲ್ಟ್ ಕೂಡ ಬೇಕು. ಲ್ಯಾಪ್‌ಟಾಪ್ ಡಿಸ್ಕ್‌ಗೆಂದು ಮಾರುವ ಸಣ್ಣ ಯುಎಸ್‌ಬಿ ಕೇಬಲ್ 12 ವೋಲ್ಟ್ ಕೊಡುವುದಿಲ್ಲ. ಅದರಲ್ಲಿ ಡಿಸ್ಕ್ ತಿರುಗದೇ ಇದ್ದಾಗ "ಡಿಸ್ಕ್ ಸತ್ತಿದೆ" ಎಂದು ತೀರ್ಮಾನಿಸಿದವರು ಬಹಳ ಮಂದಿ. ಸ್ವಂತ ಪವರ್ ಅಡಾಪ್ಟರ್ ಇರುವ ಯುಎಸ್‌ಬಿ 3 ಸಾಟಾ ಡಾಕ್ ತೆಗೆದುಕೊಳ್ಳಿ. ಡೆಸ್ಕ್‌ಟಾಪ್ ಇದ್ದರೆ ಅದರ ಒಳಗಿನ ಸಾಟಾ ವೈರ್ ಇನ್ನೂ ಒಳ್ಳೆಯದು. ಆದರೆ ಕಂಪ್ಯೂಟರ್ ಆಫ್ ಮಾಡಿಯೇ ಜೋಡಿಸಿ.

ನಕಲು ಇಡಲು ಇನ್ನೊಂದು ಡಿಸ್ಕ್ ಬೇಕೇ ಬೇಕು. ಡಿವಿಆರ್‌ನದು 1 ಟಿಬಿ ಆದರೆ ನಿಮ್ಮದು 2 ಟಿಬಿ ಇರಲಿ. 1 ಟಿಬಿಯ ಪೂರ್ತಿ ಇಮೇಜ್ (ಡಿಸ್ಕ್‌ನ ತದ್ರೂಪಿ ನಕಲು) ಇನ್ನೊಂದು 1 ಟಿಬಿ ಡಿಸ್ಕ್‌ನಲ್ಲಿ ಫೈಲ್ ಆಗಿ ಹಿಡಿಸುವುದಿಲ್ಲ. ಆ ಡಿಸ್ಕ್ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಬೇಕು. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ.

ಇವುಗಳ ಜೊತೆ ಸ್ಕ್ರೂ ಡ್ರೈವರ್, ಮಾರ್ಕರ್ ಪೆನ್, ಒಂದು ಖಾಲಿ ಪೆನ್ ಡ್ರೈವ್ ಇಟ್ಟುಕೊಳ್ಳಿ. ಯುಪಿಎಸ್ ಇದ್ದರೆ ದೊಡ್ಡ ನೆಮ್ಮದಿ.

## ಹಂತ 1: ರೆಕಾರ್ಡಿಂಗ್ ನಿಲ್ಲಿಸಿ, ಸಮಯ ಬರೆದುಕೊಳ್ಳಿ

ಡಿಸ್ಕ್ ತುಂಬಿದ ಮೇಲೆ ಡಿವಿಆರ್ ಅತಿ ಹಳೆಯ ರೆಕಾರ್ಡಿಂಗ್ ಅಳಿಸಿ ಅದೇ ಜಾಗದಲ್ಲಿ ಹೊಸದು ಬರೆಯುತ್ತದೆ. ಒಂದು ಲೆಕ್ಕ ನೋಡಿ. ನಾಲ್ಕು ಕ್ಯಾಮೆರಾ, ಒಂದೊಂದೂ ಸೆಕೆಂಡಿಗೆ 2 ಮೆಗಾಬಿಟ್ ಎಂದುಕೊಂಡರೆ, ಸೆಕೆಂಡಿಗೆ 1 ಎಂಬಿ ಆಯಿತು. ದಿನಕ್ಕೆ ಸುಮಾರು 86 ಜಿಬಿ. 1 ಟಿಬಿ ಡಿಸ್ಕ್ 11-12 ದಿನಕ್ಕೆ ಒಂದು ಸುತ್ತು ಮುಗಿಸುತ್ತದೆ. "ಭಾನುವಾರ ಬಿಡುವು ಮಾಡ್ಕೊಂಡು ನೋಡೋಣ" ಎಂದು ಆನ್ ಬಿಟ್ಟರೆ, ಒಂದೊಂದು ಗಂಟೆಗೂ ಮೂರೂವರೆ ಜಿಬಿ ಹಳೆಯ ದೃಶ್ಯ ಹೋಗುತ್ತಿರುತ್ತದೆ.

ಡಿವಿಆರ್ ಇನ್ನೂ ಓಡುತ್ತಿದ್ದರೆ ಆಫ್ ಮಾಡುವ ಮುಂಚೆ ಪರದೆಯ ಮೇಲಿನ ದಿನಾಂಕ, ಸಮಯ ಮತ್ತು ನಿಮ್ಮ ಮೊಬೈಲ್ ಸಮಯ ಎರಡನ್ನೂ ಒಂದೇ ಫೋಟೋದಲ್ಲಿ ಹಿಡಿಯಿರಿ. ಡಿವಿಆರ್ ಗಡಿಯಾರ ಹತ್ತು ಹದಿನೈದು ನಿಮಿಷ ತಪ್ಪಿರುವುದು ಮಾಮೂಲು. ಒಳಗಿನ ನಾಣ್ಯದಂಥ ಸೆಲ್ ಸತ್ತಿದ್ದರೆ ಕರೆಂಟ್ ಹೋದಾಗಲೆಲ್ಲ ದಿನಾಂಕ 2000ನೇ ಇಸವಿಗೋ, 1970ಕ್ಕೋ ಹೋಗಿಬಿಡುತ್ತದೆ. ಆಗ ನಿನ್ನೆಯ ದೃಶ್ಯ ಆ ಹಳೆಯ ದಿನಾಂಕದಡಿ ಕೂತಿರುತ್ತದೆ. ಗೊತ್ತಿಲ್ಲದವರು ಸಿಗಲಿಲ್ಲ ಎಂದು ಕೈಬಿಡುತ್ತಾರೆ.

ಮೆನು ತೆರೆಯುತ್ತಿದ್ದರೆ ಮೊದಲು ಅಲ್ಲೇ ಇರುವ ಬ್ಯಾಕಪ್ ಆಯ್ಕೆಯಿಂದ ಫ್ಯಾಟ್32 ಪೆನ್ ಡ್ರೈವ್‌ಗೆ ತೆಗೆಯಲು ನೋಡಿ. ಬಂದರೆ ಕೆಲಸ ಮುಗಿಯಿತು, ಮುಂದಿನ ಯಾವ ಹಂತವೂ ಬೇಡ.

## ಹಂತ 2: ಡಿಸ್ಕ್ ತಪ್ಪೋ, ಅಡಾಪ್ಟರ್ ತಪ್ಪೋ?

ಫಾರ್ಮ್ಯಾಟ್ ಆದ ಅಥವಾ ಅಳಿಸಿಹೋದ ಕೇಸಾದರೆ ಈ ಹಂತ ಬಿಟ್ಟು ಮುಂದಕ್ಕೆ ಹೋಗಿ. ಅಂಥ ಡಿಸ್ಕ್ ಇಟ್ಟುಕೊಂಡು ಡಿವಿಆರನ್ನು ಮತ್ತೆ ಆನ್ ಮಾಡಲೇಬಾರದು.

ಡಿವಿಆರ್ ಪದೇ ಪದೇ ರೀಸ್ಟಾರ್ಟ್ ಆಗುತ್ತಿದ್ದರೆ, "ಡಿಸ್ಕ್ ಇಲ್ಲ" ಎನ್ನುತ್ತಿದ್ದರೆ, ಮೊದಲು ಅನುಮಾನಿಸಬೇಕಾದದ್ದು ಗೋಡೆಗೆ ಸಿಕ್ಕಿಸಿದ 12 ವೋಲ್ಟ್ ಅಡಾಪ್ಟರ್. ವೋಲ್ಟೇಜ್ ಏರಿಳಿತದಲ್ಲಿ ವರ್ಷಗಟ್ಟಲೆ ಓಡಿದ ಅಡಾಪ್ಟರ್ ದೀಪ ಉರಿಸುವಷ್ಟು ಕರೆಂಟ್ ಕೊಡುತ್ತದೆ, ಡಿಸ್ಕ್ ತಿರುಗಿಸುವಷ್ಟು ಕೊಡುವುದಿಲ್ಲ. ಡಿಸ್ಕ್ ವೈರ್ ಬಿಚ್ಚಿ ಡಿವಿಆರ್ ಆನ್ ಮಾಡಿ ನೋಡಿ. ಆಗ ಸರಿಯಾಗಿ ನಿಂತರೆ ಅಡಾಪ್ಟರ್ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಅದೇ ವೋಲ್ಟ್, ಅಷ್ಟೇ ಅಥವಾ ಜಾಸ್ತಿ ಆಂಪಿಯರ್ ಇರುವ ಇನ್ನೊಂದು ಅಡಾಪ್ಟರ್ ಹಾಕಿ. ಡಿಸ್ಕ್ ಮತ್ತೆ ಜೋಡಿಸಿ ಆನ್ ಮಾಡುವ ಮುಂಚೆ ಹಿಂದಿನ ಕ್ಯಾಮೆರಾ ವೈರ್‌ಗಳನ್ನೆಲ್ಲ ಎಳೆದುಬಿಡಿ. ದೃಶ್ಯವೇ ಬಾರದಿದ್ದರೆ ಅದರ ಮೇಲೆ ಬರೆಯಲು ಏನೂ ಇರುವುದಿಲ್ಲ, ಅಲ್ವಾ?

ಒಂದು ಎಚ್ಚರಿಕೆ: ಆನ್ ಆದ ಡಿವಿಆರ್ "ಡಿಸ್ಕ್ ಇನಿಷಿಯಲೈಸ್ ಮಾಡಿ" ಎಂದರೆ ಒಪ್ಪಬೇಡಿ. ತಕ್ಷಣ ಆಫ್ ಮಾಡಿ. ಬೇರೆ ಡಿವಿಆರ್‌ಗೆ ಮೂಲ ಡಿಸ್ಕ್ ಹಾಕಿ ನೋಡುವ ಪ್ರಯೋಗವೂ ಬೇಡ. ಕೆಲವು ಡಿವಿಆರ್‌ಗಳು ಕೇಳದೆಯೇ ರೆಕಾರ್ಡಿಂಗ್ ಶುರು ಮಾಡುತ್ತವೆ.

## ಹಂತ 3: ಡಿಸ್ಕ್ ಬಿಚ್ಚುವುದು

ಪ್ಲಗ್ ತೆಗೆದು ಒಂದು ನಿಮಿಷ ಕಾಯಿರಿ. ಡಿಸ್ಕ್ ಸ್ಕ್ರೂಗಳು ಹೆಚ್ಚಾಗಿ ಡಿವಿಆರ್ ತಳದಲ್ಲಿ ಇರುತ್ತವೆ, ಆದ್ದರಿಂದ ಬಿಚ್ಚುವಾಗ ಒಳಗಿನಿಂದ ಡಿಸ್ಕನ್ನು ಕೈಯಲ್ಲಿ ಹಿಡಿದಿರಿ. ಎರಡು ಡಿಸ್ಕ್ ಇದ್ದರೆ ಯಾವುದು ಯಾವ ವೈರ್‌ನಲ್ಲಿತ್ತು ಎಂದು ಮಾರ್ಕರ್‌ನಿಂದ ಬರೆಯಿರಿ. ಲೇಬಲ್‌ನ ಫೋಟೋ ತೆಗೆಯಿರಿ, ಮುಂದೆ ಸೀರಿಯಲ್ ನಂಬರ್ ಬೇಕಾಗುತ್ತದೆ. ಡಿಸ್ಕನ್ನು ಮೇಜಿನ ಮೇಲೆ ಬಟ್ಟೆ ಹಾಸಿ ಇಡಿ. ತಿರುಗುತ್ತಿರುವಾಗ ಅಲುಗಾಡಿಸಬೇಡಿ.

## ಹಂತ 4: ಕಿವಿಗೊಟ್ಟು ಕೇಳಿ, ಆಮೇಲೆ ಆರೋಗ್ಯ ನೋಡಿ

ಪವರ್ ಕೊಟ್ಟ ಮೊದಲ ಹತ್ತು ಸೆಕೆಂಡ್ ಕಂಪ್ಯೂಟರ್ ಪರದೆ ನೋಡಬೇಡಿ, ಡಿಸ್ಕ್ ಸದ್ದು ಕೇಳಿ. ಸಣ್ಣಗೆ ಒಂದೇ ಸಮನೆ ಗುಂಯ್‌ಗುಟ್ಟಿದರೆ ಸರಿ. "ಟಕ್... ಟಕ್... ಟಕ್" ಎಂದು ತಾಳ ಹಾಕಿದಂತೆ ಬಡಿದುಕೊಂಡರೆ, ಕರಕರ ಕೆರೆದರೆ, ಬೀಪ್ ಎಂದು ಸುಮ್ಮನಾದರೆ, ಸುಟ್ಟ ವಾಸನೆ ಬಂದರೆ ತಕ್ಷಣ ಪವರ್ ತೆಗೆಯಿರಿ. ಅದು ಯಂತ್ರದ ದೋಷ, ಯಾವ ತಂತ್ರಾಂಶವೂ ಸರಿ ಮಾಡಲಾರದು. ಇನ್ನೊಮ್ಮೆ ಆನ್ ಮಾಡಿದಷ್ಟೂ ಒಳಗಿನ ತಟ್ಟೆ ಗೀರಬಹುದು. ಫ್ರಿಜ್‌ನಲ್ಲಿಟ್ಟು ತೆಗೆಯುವುದು, ಮುಚ್ಚಳ ಬಿಚ್ಚುವುದು, ಮೆಲ್ಲಗೆ ತಟ್ಟುವುದು ಯಾವುದೂ ಬೇಡ. ದೃಶ್ಯ ಅಷ್ಟು ಮುಖ್ಯವಾದರೆ ಧೂಳುರಹಿತ ಕೋಣೆ ಇರುವ ಡೇಟಾ ರಿಕವರಿ ಲ್ಯಾಬ್‌ಗೆ ಕೊಡಿ.

ಸದ್ದು ಸರಿ ಇದ್ದರೆ ಸ್ಮಾರ್ಟ್ ವರದಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ, ನೋಡಿ. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಉಚಿತ. ಅದರಲ್ಲಿ ಮೂರು ಸಾಲು ಸಾಕು: 5, 197, 198. ಕೆಲವೆಡೆ ಇವನ್ನೇ 05, ಸಿ5, ಸಿ6 ಎಂದು ತೋರಿಸುತ್ತದೆ. ಮೊದಲನೆಯದು ಬದಲಿಸಿದ ಸೆಕ್ಟರ್‌ಗಳು (ಸೆಕ್ಟರ್ ಎಂದರೆ ಡಿಸ್ಕ್‌ನ ಅತಿ ಸಣ್ಣ ತುಂಡು), ಎರಡನೆಯದು ಓದಲು ಕಷ್ಟವಾಗಿ ಬಾಕಿ ಉಳಿದವು, ಮೂರನೆಯದು ಓದಲಾಗದವು. ಕಚ್ಚಾ ಮೌಲ್ಯ ಮೂರರಲ್ಲೂ ಸೊನ್ನೆ ಇದ್ದರೆ ಡಿಸ್ಕ್ ಗಟ್ಟಿ. 197ರಲ್ಲಿ ಸಂಖ್ಯೆ ಇದ್ದರೆ ಮುಂದಿನ ಹಂತದಲ್ಲಿ ಹೇಳುವ ಎರಡನೇ ದಾರಿ ಹಿಡಿಯಿರಿ.

ಇಲ್ಲಿಯೇ ಆ ಅಪಾಯದ ಸಂದೇಶ ಬರುವುದು. ಡಿವಿಆರ್ ಡಿಸ್ಕ್‌ನ ಭಾಷೆ ವಿಂಡೋಸ್‌ಗೆ ಗೊತ್ತಿಲ್ಲ. ಹಾಗಾಗಿ "ಫಾರ್ಮ್ಯಾಟ್ ಮಾಡಿ" ಎನ್ನುತ್ತದೆ, ಇಲ್ಲವೇ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದಾಗ "ಇನಿಷಿಯಲೈಸ್ ಮಾಡಿ" ಎಂದು ಎಂಬಿಆರ್ ಅಥವಾ ಜಿಪಿಟಿ (ಡಿಸ್ಕ್ ಹಂಚಿಕೆ ಬರೆದಿಡುವ ಎರಡು ಪದ್ಧತಿಗಳು) ಆರಿಸಲು ಹೇಳುತ್ತದೆ. ಎರಡಕ್ಕೂ ಕ್ಯಾನ್ಸಲ್. ಯಾಕೆಂದು ತಿಳಿದರೆ ಕೈ ತಾನಾಗಿಯೇ ಹಿಂದೆ ಸರಿಯುತ್ತದೆ. ಎಂಬಿಆರ್ ಬರೆಯುವುದು ಡಿಸ್ಕ್‌ನ ಮೊದಲನೇ ಸೆಕ್ಟರ್ ಮೇಲೆ, ದಹುವಾ ಎಂಬ ಡಿವಿಆರ್ ಕಂಪನಿ ತನ್ನ ಗುರುತು ಇಡುವುದೂ ಅಲ್ಲೇ. ಜಿಪಿಟಿ ಮೊದಲ 34 ಸೆಕ್ಟರ್‌ಗಳನ್ನು ಬಳಸಿಕೊಳ್ಳುತ್ತದೆ. ಇನ್ನೊಂದು ಕಂಪನಿ ಹಿಕ್‌ವಿಷನ್ ತನ್ನ ಮುಖ್ಯ ಮಾಹಿತಿ ಇಡುವುದು ಎರಡನೇ ಸೆಕ್ಟರ್‌ನಲ್ಲಿ. ಒಂದೇ ಓಕೆಯಿಂದ ಡಿಸ್ಕ್‌ನ ವಿಳಾಸವೇ ಅಳಿಸಿಹೋಗುತ್ತದೆ. ಈಗಾಗಲೇ ಒತ್ತಿಬಿಟ್ಟಿದ್ದರೆ ಎದೆಗುಂದಬೇಡಿ, ವಿಡಿಯೋ ಇರುವ ಜಾಗ ಸಾಮಾನ್ಯವಾಗಿ ಇನ್ನೂ ಹಾಗೇ ಇರುತ್ತದೆ. ಆದರೆ ಅಲ್ಲಿಗೇ ನಿಲ್ಲಿಸಿ.

## ಹಂತ 5: ಪೂರ್ತಿ ಡಿಸ್ಕ್‌ನ ಇಮೇಜ್ ತೆಗೆಯುವುದು

ಜನ ಬಿಟ್ಟುಬಿಡುವ ಹಂತ ಇದು. ನಮ್ಮ ಪರಿಚಯದ ದಿನಸಿ ಅಂಗಡಿಯವರ ಡಿಸ್ಕ್ ಒಮ್ಮೆ ನನ್ನ ಹತ್ತಿರ ಬಂದಿತ್ತು. ಅದಕ್ಕೂ ಮುಂಚೆ ಒಬ್ಬ ರಿಪೇರಿಯವರು ಎರಡು ದಿನ ನೇರವಾಗಿ ಡಿಸ್ಕ್ ಮೇಲೆಯೇ ಮೂರು ನಾಲ್ಕು ತಂತ್ರಾಂಶ ಓಡಿಸಿದ್ದರು. ಮೊದಲ ದಿನ ಓದಲು ಬರುತ್ತಿದ್ದ ಡಿಸ್ಕ್ ಮೂರನೇ ದಿನ ಟಕ್ ಟಕ್ ಎನ್ನುತ್ತಿತ್ತು. ದುರ್ಬಲ ಡಿಸ್ಕ್‌ಗೆ ಪೂರ್ತಿ ಓದುವ ಶಕ್ತಿ ಒಂದೇ ಸಲ ಉಳಿದಿರಬಹುದು. ಆ ಒಂದು ಓದನ್ನು ನಕಲಿಗೆ ಬಳಸಿ, ಹುಡುಕಾಟವನ್ನು ನಕಲಿನ ಮೇಲೆ ಎಷ್ಟು ಸಲ ಬೇಕಾದರೂ ಮಾಡಿ.

ಇಮೇಜ್ ಎಂದರೆ ಫೈಲ್ ಕಾಪಿ ಮಾಡುವುದಲ್ಲ. ಮೊದಲ ಸೆಕ್ಟರ್‌ನಿಂದ ಕೊನೆಯ ಸೆಕ್ಟರ್‌ವರೆಗೆ ಇದ್ದದ್ದನ್ನು ಇದ್ದ ಹಾಗೆ ಒಂದೇ ದೊಡ್ಡ ಫೈಲ್‌ಗೆ ಇಳಿಸುವುದು.

ಡಿಸ್ಕ್ ಗಟ್ಟಿ ಇದ್ದರೆ. ಕೇನ್ ಎಂಬ ಉಚಿತ ಲಿನಕ್ಸನ್ನು ಪೆನ್ ಡ್ರೈವ್‌ಗೆ ಹಾಕಿ ಅದರಿಂದ ಕಂಪ್ಯೂಟರ್ ಬೂಟ್ ಮಾಡಿ. ತನಿಖಾ ಕೆಲಸಕ್ಕೆಂದೇ ಮಾಡಿದ ಇದು ಎಲ್ಲ ಡಿಸ್ಕ್‌ಗಳನ್ನೂ ಓದಲು ಮಾತ್ರ ಬರುವಂತೆ ಬೀಗ ಹಾಕಿ ಏಳುತ್ತದೆ. ಅದೇ ಕಾರಣಕ್ಕೆ ಹೊಸಬರು ಒಂದೆಡೆ ಸಿಕ್ಕಿಕೊಳ್ಳುತ್ತಾರೆ: ನಕಲು ಇಳಿಸಬೇಕಾದ ಡಿಸ್ಕ್‌ಗೂ ಬೀಗ ಬಿದ್ದಿರುತ್ತದೆ. ಅದರೊಳಗಿನ ಅನ್‌ಬ್ಲಾಕ್ ಸಾಧನದಿಂದ ಆ ಒಂದು ಡಿಸ್ಕ್‌ಗೆ ಮಾತ್ರ ಬರೆಯುವ ಅನುಮತಿ ಕೊಡಿ. ಆಮೇಲೆ ಅದರಲ್ಲೇ ಇರುವ, ಇಮೇಜ್ ತೆಗೆಯುವ ತಂತ್ರಾಂಶ ಗೈಮೇಜರ್ ತೆರೆಯಿರಿ. ಪಟ್ಟಿಯಲ್ಲಿ ಗಾತ್ರ ಮತ್ತು ಸೀರಿಯಲ್ ನಂಬರ್ ನೋಡಿ ಮೂಲ ಡಿಸ್ಕ್ ಗುರುತಿಸಿ, ಇಮೇಜ್ ತೆಗೆಯುವ ಆಯ್ಕೆ ಒತ್ತಿ. ಮಾದರಿ ಡಿಡಿ ಎಂದು ಆರಿಸಿ. ಇಮೇಜನ್ನು ತುಂಡು ಮಾಡುವ ಆಯ್ಕೆಗೆ ಟಿಕ್ ಇದ್ದರೆ ತೆಗೆಯಿರಿ. ಹ್ಯಾಶ್ ಲೆಕ್ಕಕ್ಕೆ ಎಸ್‌ಎಚ್‌ಎ-256 ಟಿಕ್ ಮಾಡಿ.

ವಿಂಡೋಸ್ ಬಿಟ್ಟು ಬರಲು ಆಗದವರಿಗೆ ಎಫ್‌ಟಿಕೆ ಇಮೇಜರ್ ಇದೆ. ಅಲ್ಲಿ "ಫಿಸಿಕಲ್ ಡ್ರೈವ್" ಆರಿಸಬೇಕು, "ಲಾಜಿಕಲ್" ಅಲ್ಲ.

ಕೆಟ್ಟ ಸೆಕ್ಟರ್ ಇದ್ದರೆ. ಜಿಎನ್‌ಯು ಡಿಡಿರೆಸ್ಕ್ಯೂ ಬಳಸಿ. ಸಿಸ್ಟಮ್‌ರೆಸ್ಕ್ಯೂ ಎಂಬ ಲಿನಕ್ಸ್‌ನಲ್ಲಿ ಅದು ಇದ್ದೇ ಇರುತ್ತದೆ. ಇದರ ಜಾಣತನ ಏನೆಂದರೆ, ಕಷ್ಟದ ಜಾಗ ಬಂದರೆ ಅಲ್ಲೇ ಗುದ್ದಾಡದೆ ಹಾರಿ ಮುಂದೆ ಹೋಗುತ್ತದೆ. ಸುಲಭದ್ದನ್ನೆಲ್ಲ ಮೊದಲು ಉಳಿಸಿಕೊಂಡು, ಕೊನೆಗೆ ಬಿಟ್ಟ ಜಾಗಗಳಿಗೆ ಮರಳಿ ಬರುತ್ತದೆ. ಎಲ್ಲಿಯವರೆಗೆ ಆಯಿತು ಎಂಬುದನ್ನು ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತದೆ. ನಡುವೆ ಕರೆಂಟ್ ಹೋದರೂ ಅದೇ ಮ್ಯಾಪ್ ಫೈಲ್ ಕೊಟ್ಟು ಶುರು ಮಾಡಿದರೆ ನಿಂತಲ್ಲಿಂದ ಮುಂದುವರಿಯುತ್ತದೆ. ನಮ್ಮ ಊರುಗಳ ಕರೆಂಟ್‌ಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಆದೇಶ ಕೊಡುವ ಕ್ರಮ ಹೀಗೆ: ಮೊದಲು ಮೂಲ ಡಿಸ್ಕ್, ಆಮೇಲೆ ಇಮೇಜ್ ಫೈಲ್, ಕೊನೆಗೆ ಮ್ಯಾಪ್ ಫೈಲ್. ಮೂಲ ಮತ್ತು ಗುರಿ ಅದಲು ಬದಲಾದರೆ ಖಾಲಿ ಡಿಸ್ಕ್ ನಿಮ್ಮ ರೆಕಾರ್ಡಿಂಗ್ ಮೇಲೆ ಕೂತುಬಿಡಬಹುದು. ಎಂಟರ್ ಒತ್ತುವ ಮುಂಚೆ ಲೇಬಲ್ ಫೋಟೋ ತೆಗೆದು ಸೀರಿಯಲ್ ನಂಬರ್ ಇನ್ನೊಮ್ಮೆ ತಾಳೆ ನೋಡಿ. ಪಕ್ಕದಲ್ಲಿ ಯಾರಾದರೂ ಇದ್ದರೆ ಅವರಿಂದಲೂ ಓದಿಸಿ.

ಎಷ್ಟು ಹೊತ್ತು? ಆರೋಗ್ಯವಂತ 1 ಟಿಬಿ ಡಿಸ್ಕ್ ಯುಎಸ್‌ಬಿ 3ರಲ್ಲಿ ಎರಡರಿಂದ ಮೂರು ಗಂಟೆ. ಯುಎಸ್‌ಬಿ 2 ಆದರೆ ಎಂಟು ಗಂಟೆ ದಾಟುತ್ತದೆ. ಕೆಟ್ಟ ಡಿಸ್ಕ್‌ಗೆ ದಿನಗಳೇ ಬೇಕಾಗಬಹುದು. ಡಿಸ್ಕ್ ಮುಟ್ಟಿದರೆ ಕೈ ಸುಡುವಷ್ಟು ಬಿಸಿಯಾದರೆ ನಿಲ್ಲಿಸಿ, ಆರಲು ಬಿಡಿ, ಪಕ್ಕದಲ್ಲಿ ಫ್ಯಾನ್ ಇಟ್ಟು ಮುಂದುವರಿಸಿ. ವೇಗ ಒಮ್ಮೆಲೇ ಸೆಕೆಂಡಿಗೆ ಕೆಲವು ಕೆಬಿಗೆ ಇಳಿದು ಸದ್ದೂ ಬದಲಾದರೆ ಅದು ಕೊನೆಯ ಎಚ್ಚರಿಕೆ. ಅಲ್ಲಿಂದಾಚೆ ಲ್ಯಾಬ್ ದಾರಿ.

ಇಮೇಜ್ ಮುಗಿದ ಮೇಲೆ ಮೂಲ ಡಿಸ್ಕ್ ಬಿಚ್ಚಿ, ಕವರ್‌ಗೆ ಹಾಕಿ, ಅಲ್ಮೇರಾದಲ್ಲಿ ಇಡಿ. ಇನ್ನು ಅದನ್ನು ಮುಟ್ಟುವಂತಿಲ್ಲ.

## ಹಂತ 6: ಇದು ಯಾವ ಜಾತಿಯ ಡಿಸ್ಕ್?

ಡಿವಿಆರ್ ಹೊರಗಿನ ಹೆಸರು ನಂಬಬೇಡಿ. ಒಂದೇ ಕಾರ್ಖಾನೆಯ ಬೋರ್ಡ್ ಹತ್ತು ಹೆಸರಲ್ಲಿ ಮಾರಾಟವಾಗುತ್ತದೆ. ಡಿಸ್ಕ್‌ನ ಮೊದಲ ಕೆಲವು ಸೆಕ್ಟರ್‌ಗಳೇ ನಿಜ ಹೇಳುತ್ತವೆ. ಉಚಿತವಾಗಿ ಸಿಗುವ ಎಚ್‌ಎಕ್ಸ್‌ಡಿ ಎಂಬ ಹೆಕ್ಸ್ ಎಡಿಟರ್‌ನಲ್ಲಿ (ಫೈಲ್‌ನ ಒಂದೊಂದು ಬೈಟನ್ನೂ ತೋರಿಸುವ ತಂತ್ರಾಂಶ) ಇಮೇಜ್ ತೆರೆದು ಬಲಗಡೆಯ ಅಕ್ಷರಗಳ ಸಾಲು ನೋಡಿ.

ಎರಡನೇ ಸೆಕ್ಟರ್ ಶುರುವಿನಲ್ಲಿ, ಹೆಕ್ಸ್ ಲೆಕ್ಕದ 210ನೇ ಸ್ಥಾನದಲ್ಲಿ, ಹಿಕ್‌ವಿಷನ್ ಮತ್ತು ಅದರ ಊರು ಹ್ಯಾಂಗ್‌ಝೌ ಎರಡೂ ಸೇರಿಸಿ ಬರೆದಿದ್ದರೆ ಅದು ಹಿಕ್‌ವಿಷನ್ ಮಾದರಿ. ಮೊದಲ ಸಾಲಿನಲ್ಲೇ ಡಿಎಚ್‌ಎಫ್‌ಎಸ್4.1 ಎಂದಿದ್ದರೆ ದಹುವಾ ಮಾದರಿ. ನಮ್ಮಲ್ಲಿ ತುಂಬ ಮಾರಾಟವಾದ ಸಿಪಿ ಪ್ಲಸ್‌ನ ಹಲವು ಡಿವಿಆರ್‌ಗಳಲ್ಲೂ ಇದೇ ಸಿಗುತ್ತದೆ. ಡಬ್ಲ್ಯೂಎಫ್‌ಎಸ್ ಎಂದು ಶುರುವಾದರೆ ಅದು ಅಗ್ಗದ ಚೀನೀ ಬೋರ್ಡ್‌ಗಳಲ್ಲಿ ಬರುವ ಇನ್ನೊಂದು ಬಗೆ. ಇವು ಯಾವುವೂ ಇಲ್ಲದಿದ್ದರೆ ಲಿನಕ್ಸ್‌ನ ಇಎಕ್ಸ್‌ಟಿ4 ಅಥವಾ ಹಳೆಯ ಫ್ಯಾಟ್32 ಇರಬಹುದು. 7-ಜಿಪ್‌ನಲ್ಲಿ ಇಮೇಜ್ ತೆರೆದು ನೋಡಿ, ಇವೆರಡೂ ಅದಕ್ಕೆ ಅರ್ಥವಾಗುತ್ತವೆ. ಫೋಲ್ಡರ್‌ಗಳು ಕಂಡರೆ ನಿಮ್ಮ ಅದೃಷ್ಟ, ಸೀದಾ ಎಳೆದುಕೊಳ್ಳಿ.

## ಹಂತ 7: ದೃಶ್ಯ ಹೊರತೆಗೆಯುವುದು

ಇಲ್ಲಿ ಜನ ಮಾಡುವ ತಪ್ಪು ಒಂದೇ: ಫೋಟೋ, ಡಾಕ್ಯುಮೆಂಟ್ ಹುಡುಕುವ ಸಾಮಾನ್ಯ ರಿಕವರಿ ತಂತ್ರಾಂಶ ಓಡಿಸುವುದು. ಅವುಗಳಿಗೆ ಡಿವಿಆರ್ ಡಿಸ್ಕ್ ಬರೀ ಕಸ. ಹಿಕ್‌ವಿಷನ್ ಡಿಸ್ಕ್ ಮೇಲೆ ನಾವು ಅಂದುಕೊಂಡ ಹಾಗೆ ಫೈಲ್‌ಗಳೇ ಇರುವುದಿಲ್ಲ. 1 ಜಿಬಿ ಗಾತ್ರದ ಬ್ಲಾಕ್‌ಗಳಲ್ಲಿ ವಿಡಿಯೋ ತುಂಬಿರುತ್ತದೆ, ಯಾವ ಬ್ಲಾಕ್ ಯಾವ ಹೊತ್ತಿನದು ಎಂಬ ಪಟ್ಟಿ ಬೇರೆ ಕಡೆ ಇರುತ್ತದೆ. ಫಾರ್ಮ್ಯಾಟ್ ಮಾಡಿದಾಗ ಖಾಲಿಯಾಗುವುದು ಮುಖ್ಯವಾಗಿ ಆ ಪಟ್ಟಿ.

ಪಟ್ಟಿ ಚೆನ್ನಾಗಿದ್ದರೆ ಡಿವಿಆರ್ ಭಾಷೆ ತಿಳಿದ ತಂತ್ರಾಂಶ ಸಾಕು. ಯುಎಫ್‌ಎಸ್ ಎಕ್ಸ್‌ಪ್ಲೋರರ್ ವಿಡಿಯೋ ರಿಕವರಿ ಈ ಕೆಲಸಕ್ಕೆಂದೇ ಇದೆ, ಹಣ ಕೊಡಬೇಕು. ಪೊಲೀಸ್ ಮತ್ತು ತನಿಖಾ ಲ್ಯಾಬ್‌ಗಳು ಬಳಸುವ ಡಿವಿಆರ್ ಎಕ್ಸಾಮಿನರ್ ಬೆಲೆ ಮನೆಯವರ ಕೈಗೆ ಎಟುಕುವಂಥದ್ದಲ್ಲ. ಯಾವುದೇ ಇರಲಿ, ಮೊದಲು ಟ್ರಯಲ್ ಹಾಕಿ ಇಮೇಜ್ ತೆರೆಯಿರಿ. ನಿಮ್ಮ ಕ್ಯಾಮೆರಾ, ನಿಮ್ಮ ದಿನಾಂಕ ಪಟ್ಟಿಯಲ್ಲಿ ಕಾಣದೆ ದುಡ್ಡು ಕಟ್ಟಬೇಡಿ.

ಪಟ್ಟಿ ಹೋಗಿದ್ದರೆ ಗುರುತು ಹಿಡಿದು ಕತ್ತರಿಸಬೇಕು. ದಹುವಾ ಮಾದರಿಯಲ್ಲಿ ಒಂದೊಂದು ಫ್ರೇಮ್ ಶುರುವಿನಲ್ಲೂ ಡಿಎಚ್‌ಎವಿ ಎಂಬ ನಾಲ್ಕು ದೊಡ್ಡಕ್ಷರ ಇರುತ್ತವೆ. ಅದಾದ ಕೂಡಲೇ ಕ್ಯಾಮೆರಾ ಸಂಖ್ಯೆ, ಫ್ರೇಮ್ ಉದ್ದ, ದಿನಾಂಕ ಸಮಯ ಎಲ್ಲವೂ ಇರುತ್ತವೆ. ಅಂದರೆ ಪಟ್ಟಿ ಇಲ್ಲದಿದ್ದರೂ ಫ್ರೇಮ್ ತಾನೇ ತನ್ನ ಹುಟ್ಟಿದ ಹೊತ್ತು ಹೇಳುತ್ತದೆ. ಹಿಕ್‌ವಿಷನ್ ದೃಶ್ಯ ಎಂಪೆಗ್ ಪ್ರೋಗ್ರಾಮ್ ಸ್ಟ್ರೀಮ್ ಎಂಬ ವಿಡಿಯೋ ರೂಪದಲ್ಲಿರುತ್ತದೆ. ಅಲ್ಲಿ 00 00 01 ಬಿಎ ಎಂಬ ಹೆಕ್ಸ್ ಗುರುತು ಹುಡುಕಿ.

ಒಂದರ್ಧ ಗಂಟೆಯ ದೃಶ್ಯ ಮಾತ್ರ ಬೇಕಿದ್ದರೆ ಇದನ್ನು ಎಚ್‌ಎಕ್ಸ್‌ಡಿಯಲ್ಲೇ ಮಾಡಬಹುದು. ಒಂದು ಗುರುತಿನಿಂದ ಶುರು ಮಾಡಿ ಕೆಲವು ನೂರು ಎಂಬಿ ಆಯ್ದು ಬೇರೆ ಫೈಲ್ ಆಗಿ ಉಳಿಸಿ, ಓಡಿಸಿ, ದೃಶ್ಯದ ಮೂಲೆಯ ಸಮಯ ನೋಡಿ. ಬೇಕಾದ ಹೊತ್ತಿಗಿಂತ ಹಿಂದಿದ್ದರೆ ಇಮೇಜ್‌ನಲ್ಲಿ ಮುಂದಕ್ಕೆ, ಮುಂದಿದ್ದರೆ ಹಿಂದಕ್ಕೆ ಹೋಗಿ ಮತ್ತೆ ಕತ್ತರಿಸಿ. ತಾಳ್ಮೆಯ ಕೆಲಸ. ಆದರೆ ದುಡ್ಡು ಖರ್ಚಿಲ್ಲ. ದಹುವಾದಲ್ಲಿ ಎಲ್ಲ ಕ್ಯಾಮೆರಾಗಳ ಫ್ರೇಮ್ ಕಲಸಿ ಬರಬಹುದು. ಚಿತ್ರ ಕ್ಷಣಕ್ಷಣಕ್ಕೂ ಜಿಗಿದರೆ ಕಾರಣ ಅದೇ, ಫೈಲ್ ಕೆಟ್ಟಿದೆ ಎಂದುಕೊಳ್ಳಬೇಡಿ.

ಒಂದು ಮಾತು ನೆನಪಿಡಿ: ಹೊರತೆಗೆದ ಫೈಲ್‌ಗಳನ್ನು ನಿಮ್ಮ ಡಿಸ್ಕ್‌ಗೆ ಉಳಿಸಿ. ಮೂಲ ಡಿಸ್ಕ್ ಈ ಹಂತದಲ್ಲಿ ಕಂಪ್ಯೂಟರ್‌ನಲ್ಲಿ ಇರಲೇಬಾರದು.

## ಹಂತ 8: ಓಡಿಸಿ ನೋಡುವುದು, ಎಂಪಿ4 ಮಾಡುವುದು

ದಹುವಾ ಮಾದರಿಯ ಡಿಎವಿ ಫೈಲ್‌ಗೆ ದಹುವಾದ ಸ್ಮಾರ್ಟ್ ಪ್ಲೇಯರ್, ಹಿಕ್‌ವಿಷನ್ ಫೈಲ್‌ಗೆ ವಿಎಸ್ ಪ್ಲೇಯರ್ ಇವೆ. ಹಿಕ್‌ವಿಷನ್‌ದು ಬಹುಮಟ್ಟಿಗೆ ವಿಎಲ್‌ಸಿಯಲ್ಲೂ ಓಡುತ್ತದೆ. ಹೆಸರಿನ ಕೊನೆಗೆ ಎಂಪಿ4 ಎಂದಿದ್ದರೂ ಒಳಗೆ ಅದು ಎಂಪಿ4 ಆಗಿರಬೇಕೆಂದಿಲ್ಲ. ಮೊಬೈಲ್‌ನಲ್ಲಿ ಓಡದಿದ್ದರೆ ಗಾಬರಿ ಬೇಡ.

ಎಂಪಿ4 ಮಾಡಲು ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶ ಒಳ್ಳೆಯದು. 4.2 ಆವೃತ್ತಿಯಿಂದ ಅದಕ್ಕೆ ದಹುವಾ ಫೈಲ್ ಓದಲು ಬರುತ್ತದೆ. ಪರಿವರ್ತಿಸುವಾಗ "ಕಾಪಿ" ವಿಧಾನ ಆರಿಸಿ. ಅದು ದೃಶ್ಯವನ್ನು ಮುಟ್ಟದೆ ಡಬ್ಬಿ ಮಾತ್ರ ಬದಲಿಸುತ್ತದೆ. ಮತ್ತೆ ಎನ್‌ಕೋಡ್ ಮಾಡಿದರೆ ಗಾಡಿ ನಂಬರ್, ಮುಖದಂಥ ಸಣ್ಣ ವಿವರಗಳು ಮಸುಕಾಗುತ್ತವೆ. ವಾಟ್ಸಾಪ್‌ನಲ್ಲಿ ವಿಡಿಯೋ ಆಗಿ ಕಳಿಸಿದರೂ ಅದೇ ಗತಿ. ಡಾಕ್ಯುಮೆಂಟ್ ಆಗಿ ಕಳಿಸಿ.

ಹಸಿರು ಪಟ್ಟಿ, ಚೌಕ ಚೌಕವಾದ ಚಿತ್ರ ಬಂದರೆ ಆ ಜಾಗದ ಸೆಕ್ಟರ್ ಓದಲಾಗಿಲ್ಲ ಎಂದರ್ಥ. ಮುಂದಿನ ಪೂರ್ಣ ಫ್ರೇಮ್ ಬಂದಾಗ ಸರಿಹೋಗುತ್ತದೆ. ಸಮಯ ಸರಿಯಾಗಿ 5 ಗಂಟೆ 30 ನಿಮಿಷ ತಪ್ಪಿದ್ದರೆ ಅದು ತಂತ್ರಾಂಶದ ಟೈಮ್ ಝೋನ್ ಸೆಟ್ಟಿಂಗ್. ಬೇರೆ ಅಂತರ ಇದ್ದರೆ ಹಂತ 1ರಲ್ಲಿ ತೆಗೆದ ಫೋಟೋ ಈಗ ಕೆಲಸಕ್ಕೆ ಬರುತ್ತದೆ.

## ಹಂತ 9: ಭದ್ರವಾಗಿ ಇಡುವುದು

ಸಿಕ್ಕ ಮೂಲ ಫೈಲ್ ಮತ್ತು ಎಂಪಿ4 ಎರಡನ್ನೂ ಎರಡು ಬೇರೆ ಜಾಗದಲ್ಲಿ ಇಡಿ. 7-ಜಿಪ್ ಹಾಕಿದ ವಿಂಡೋಸ್‌ನಲ್ಲಿ ಫೈಲ್ ಮೇಲೆ ಬಲ ಕ್ಲಿಕ್ ಮಾಡಿದರೆ ಎಸ್‌ಎಚ್‌ಎ-256 ಲೆಕ್ಕ ಹಾಕುವ ಆಯ್ಕೆ ಸಿಗುತ್ತದೆ. ಆ ಉದ್ದದ ಸಂಖ್ಯೆಯನ್ನು ದಿನಾಂಕದ ಜೊತೆ ಬರೆದಿಡಿ. ಮುಂದೆ ಇನ್ಶೂರೆನ್ಸ್‌ನವರು ಕೇಳಿದರೂ ಫೈಲ್ ಬದಲಾಗಿಲ್ಲ ಎಂದು ತೋರಿಸಬಹುದು.

ಪೂರ್ತಿ ಫೈಲ್ ಶುರುವಿನಿಂದ ಕೊನೆಯವರೆಗೆ ನೋಡುವ ತನಕ ಮೂಲ ಡಿಸ್ಕ್ ಡಿವಿಆರ್‌ಗೆ ಮರಳಬಾರದು. 197, 198ನೇ ಸಾಲಿನಲ್ಲಿ ಸಂಖ್ಯೆ ಕಂಡಿದ್ದರೆ ಅದನ್ನು ಮತ್ತೆ ಹಾಕಲೇಬೇಡಿ, ದಿನವಿಡೀ ಓಡಲೆಂದೇ ಮಾಡಿದ ಡಬ್ಲ್ಯೂಡಿ ಪರ್ಪಲ್ ಅಥವಾ ಸೀಗೇಟ್ ಸ್ಕೈಹಾಕ್‌ನಂಥ ಹೊಸ ಡಿಸ್ಕ್ ಹಾಕಿ. ಹಾಕಿದ ದಿನವೇ ಡಿವಿಆರ್ ಸಮಯ ಸರಿ ಮಾಡಿ, ಸೆಲ್ ಹಳೆಯದಾಗಿದ್ದರೆ ಬದಲಿಸಿ. ಒಂದು ದಿನ ಬಿಟ್ಟು ಹಿಂದಿನ ರಾತ್ರಿಯ ಹತ್ತು ನಿಮಿಷವನ್ನು ಪೆನ್ ಡ್ರೈವ್‌ಗೆ ತೆಗೆದು, ಮನೆಯ ಕಂಪ್ಯೂಟರ್‌ನಲ್ಲಿ ಓಡುತ್ತದಾ ನೋಡಿ.